ಪತಾಕೆ ‘ಅ’

ಚಿಂತಾಮಣಿ ತಾಲ್ಲೂಕು ಕಚೇರಿಯಲ್ಲಿ ನನ್ನ ಕೆಲಸ
ಕಡತದ ಅಂಚಿಗೆ ಹಳದಿ ಚೀಟಿ ಅಂಟಿಸುವುದು,
‘ದಯವಿಟ್ಟು ಪತಾಕೆ ಅ ನೋಡುವುದು’
ಎಂದು ಟಿಪ್ಪಣಿ ಹಾಳೆಯಲ್ಲಿ ಬರೆಯುವುದು.
ಸಾಹೇಬರ ಕಣ್ಣು ಅಲ್ಲೊಂದು ಗಳಿಗೆ ನಿಂತರೆ
ಯಾರದೋ ಪಹಣಿ ಸರಿಹೋಗುತ್ತದೆ.
ನಿಲ್ಲದಿದ್ದರೆ ಅಂಟು ಒಣಗುತ್ತದೆ.

ಫ್ಲ್ಯಾಗ್ ಅಂದರೆ ಏನೇನು ಎಂದು
ಏಳನೇ ಕ್ಲಾಸಿನಲ್ಲೇ ನೋಡಿಟ್ಟಿದ್ದೆ,
ಗುಜರಿ ಅಮೀರ್‌ಜಾನ್ ತೂಗಿ ಕೊಟ್ಟ
ಎರಡೂವರೆ ಕೆಜಿ ನಿಘಂಟಿನಲ್ಲಿ,
ಅಮ್ಮ ಕಾಯುತ್ತಿದ್ದ ರೈಲ್ವೆ ಗೇಟಿನ ಕೋಣೆಯಲ್ಲಿ ಕೂತು.

ಒಂದನೇ ಅರ್ಥ, ಬಾವುಟ.
ಅಮ್ಮ ಕಂಕುಳಲ್ಲಿದ್ದ ಕೆಂಪು ಹಸಿರು ತೋರಿಸಿ
‘ಗೊತ್ತು, ಮುಂದಕ್ಕೆ ಓದು’ ಅಂದಳು.
ಎರಡನೇದು, ಚಪ್ಪಡಿ ಕಲ್ಲು.
ಉತ್ತರದ ಕಡಲಿನವರು ತಂದ ಮಾತಂತೆ.
ಅಮ್ಮ ಕಾಲ ಕೆಳಗೆ ನೋಡಿದಳು. ಆ ನೆಲದ ಚಪ್ಪಡಿ
ಕೈವಾರದ ಕಡೆ ಅಪ್ಪ ಸೀಳಿದ್ದು.
ಯಾವ ಸದ್ದು ಕೊಟ್ಟಾಗ ಬಂಡೆ ಬಾಯಿಬಿಡುತ್ತದೆಂದು
ಅವನ ಕಿವಿಗೆ ತಿಳಿದಿತ್ತು.
ಮೂರನೇದು, ಸೋತು ಜೋತುಬೀಳುವುದು.
ರಾತ್ರಿ ಪಾಳಿಯ ಕಣ್ಣು ಉಜ್ಜಿಕೊಂಡು ‘ಹೂಂ’ ಅಂದಳು.

‘ಇವೆಲ್ಲಾ ಒಂದೇ ಮಾತಾ?’
ಎಲ್ಲವೂ ಅಲ್ಲಮ್ಮ, ಬೇರೆ ಬೇರೆ ಊರಿಂದ ಬಂದು
ಒಂದೇ ಅಂಗಿ ತೊಟ್ಟುಕೊಂಡಿವೆ.
‘ಬಾವುಟದ್ದು ಯಾವೂರು?’
ಬೆರಳಿಟ್ಟು ಓದಿದೆ: ಮೂಲ ಖಚಿತವಿಲ್ಲ.
ಗಾಳಿಗೆ ಪಟಪಟ ಅನ್ನುವ ಸದ್ದಿನಿಂದಲೇ ಹುಟ್ಟಿರಬಹುದು.

ಅಮ್ಮ ಎಲೆಅಡಿಕೆ ಉಗಿಯುವಷ್ಟು ನಕ್ಕಳು.
‘ಇರಬಹುದು ಅಂತಾನಾ? ಬುಕ್ಕಲ್ಲಿ?
ಇರಬಹುದು ಅಂತ ನಾನು ಬಾವುಟ ಹಿಡಿದ್ರೆ
ರೈಲು ಏನು ಮಾಡ್ಬೇಕೇ?’

ಅಷ್ಟರಲ್ಲಿ ಕೋಲಾರದ ಗಾಡಿ.
ಎದ್ದು ಹಸಿರು ಬಿಚ್ಚಿದಳು.
ಆವತ್ತು ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ,
ಬಟ್ಟೆ ಒದ್ದೆ ಟವೆಲ್ಲಿನ ಹಾಗೆ ಇಳಿಬಿದ್ದಿತ್ತು.
ಮಣಿಕಟ್ಟು ಕೊಡವಿ ಕೊಡವಿ
ಅಮ್ಮನೇ ಅದಕ್ಕೆ ಪಟಪಟ ಕೊಟ್ಟಳು.
ಡ್ರೈವರು ಬಟ್ಟೆ ನೋಡಿದ.
ಅದರ ಹಿಂದೆ ಯಾರು ಅನ್ನುವುದು
ಅವನ ಕೆಲಸವಲ್ಲ.

ಈಗ ಅಲ್ಲಿ ಗೇಟಿಲ್ಲ, ಅಂಡರ್‌ಪಾಸ್.
ಒಂದು ಮಳೆಗೆ ಮೊಣಕಾಲುದ್ದ ನೀರು,
ಸ್ಕೂಲಿನ ಮಕ್ಕಳು ಬ್ಯಾಗು ತಲೆ ಮೇಲೆ ಹೊತ್ತು ದಾಟುತ್ತಾರೆ.
ಆ ಅರ್ಜಿ ಇವತ್ತು ನನ್ನ ಮೇಜಿಗೇ ಬಂದಿದೆ.
ಹದಿನಾಲ್ಕು ಸಹಿ. ಕೊನೆಯದು, ಒಂದೊಂದು ಅಕ್ಷರಕ್ಕೂ
ಎರಡೆರಡು ಸ್ಲೀಪರಿನಷ್ಟು ಜಾಗ ಬಿಟ್ಟು:
ಪಿ  ಳ್ಳ  ಮ್ಮ.
ನನಗೊಂದು ಮಾತು ಹೇಳಿರಲಿಲ್ಲ.

ಹಳದಿ ಚೀಟಿ ಅಂಟಿಸಿ ಒಳಗೆ ಒಯ್ದೆ.
ಕರೆಂಟು ಹೋಗಿ ಫ್ಯಾನು ನಿಂತಿತ್ತು.
ಸಾಹೇಬರು ಮೊಬೈಲಿನಲ್ಲಿದ್ದರು.
ನಿಂತಲ್ಲೇ, ಉಗುರಿನಿಂದ
ಚೀಟಿಯ ತುದಿ ಮೀಟಿದೆ,
ಪಟ್,
ಇನ್ನೊಂದು ಸಲ.