ಎರಡ ಬೆರಳ ಕೆಳಗ

ಮುಳಗುಂದ ನಾಕಾದ ನನ್ನ ಅಂಗಡಿ ಮುಂದ
ಗಾಡಿ ನಿಂದ್ರಿಸಾಕ ಆಕಿ ಮೊದಲ ಕಟ್ಟಿ ಹುಡುಕಿದ್ಲು.
ಎಡಗಾಲು ಕಟ್ಟಿ ಮ್ಯಾಲೆ ಊರಿ
ಆಮ್ಯಾಲೆ ಇಳದ್ಲು, ಕುದರಿ ಇಳಿದಂಗ.

ಫಕೀರವ್ವ ತಳವಾರ. ಹೆಸ್ಕಾಂನ್ಯಾಗ ಕಂಬ ಹತ್ತಾಕಿ.
ಅಸುಂಡಿ, ಹುಲಕೋಟಿ, ಬಿಂಕದಕಟ್ಟಿ ಮಟಾ
ಎಲ್ಲೆ ಫ್ಯೂಜ್ ಹಾರಿದ್ರೂ ಆಕಿನ ಹೋಗಬೇಕು.
"ಮೂವತ್ತು ಅಡಿ ಮ್ಯಾಲೆ ನಿಂತ್ರ ಅಂಜಿಕಿ ಇಲ್ರಿ.
ಗಾಡಿ ಮ್ಯಾಲೆ ಕುಂತ್ರ ನೆಲ ಸಿಗೂದಿಲ್ಲ, ಅದ ಅಂಜಿಕಿ."
ಗೇಟ್ ಬಿದ್ದಾಗ, ರೈಲು ಹೋಗೂತನಕ
ತುದಿಬೆರಳ ಮ್ಯಾಲೆ ನಿಂತು
ಎರಡು ಸಲ ಬಿದ್ದಿದ್ಲಂತ. ಮೂರನೇ ಸಲ
ಬಾಳಿಹಣ್ಣಿನ ಗಾಡಿಯಾಂವ ಹಿಡದನಂತ.
ಹಿಡಕೊಂಡ, "ಸ್ಕೂಟಿ ತೊಗೋಬೇಕಿತ್ತಲ್ಲಬೇ" ಅಂದನಂತ.
ನಾನೂ ಅದನ್ನ ಅನ್ನಾಂವಿದ್ದೆ. ನಾಲಗಿ ಕಚ್ಚಿಕೊಂಡೆ.

ಜ್ಯಾಕ್ ಕೊಟ್ಟು ಮುಂದಿನ ಗಾಲಿ ಎತ್ತಿದೆ.
ಫೋರ್ಕಿನ ಟೋಪಿ ಬಿಚ್ಚೂಮುಂದ ಮಾರಿ ಹಿಂದಕ್ಕ ಇಡಬೇಕು,
ವರ್ಷಾನಗಟ್ಲೆ ಒಳಗ ಅದುಮಿಟ್ಟದ್ದು ಒಮ್ಮೆಲೆ ಜಿಗೀತೈತಿ.
ಹಿಂದಕೊಮ್ಮೆ ನನ್ನ ಹುಬ್ಬು ಹರದೈತಿ.
ಬಾಗಿಲಾ ಬಡೀತು ಅಂತ
ಹೆಂಡತಿ ಇನ್ನೂ ಮಂದಿಗೆ ಹೇಳ್ತಾಳ.

ಎಣ್ಣಿ ಡಬ್ಬಿಗೆ ಸುರುವಿದೆ: ಕರ್ರಗ, ಹಳಸಿದ ಮೀನಿನ ವಾಸನಿ,
ಏಳು ಮಳಿಗಾಲದ ರಾಡಿ.
ಮೊಳದುದ್ದದ ಸ್ಪ್ರಿಂಗು ಎಳದೆ, ಒಂದು, ಇನ್ನೊಂದು,
ಚಿಂದೀಲೆ ಒರಸಿ ಹೊಸಾ ಗಿಡ್ಡನವುಗಳ ಬಾಜೂಕ ಇಟ್ಟೆ.
ಎರಡ ಬೆರಳು. ಅಷ್ಟ ಫರಕು.

ನಮ್ಮಪ್ಪ ಬೆಟಗೇರಿಯೊಳಗ ಪತ್ತಾರಕಿ ಮಾಡಾಂವ,
ಗುಲಗಂಜಿ ಇಟ್ಟು ಬಂಗಾರ ತೂಗಾಂವ.
ಉಸಿರು ಬಿಟ್ರ ತಕ್ಕಡಿ ಅಳ್ಳಾಡ್ತೈತಿ ಅಂತ
ತೂಗೂಮುಂದ ಮನಿಮಂದಿಯೆಲ್ಲಾ ಉಸಿರು ಹಿಡೀಬೇಕು.
ನನ್ನ ಕೈಯಾನ ಗ್ರೀಸು ಅವಗ ಸಾಯೂತನಕ ಸೇರಲಿಲ್ಲ.
ಈಗ ನಾನು ಸ್ಟೀಲಿನ ಪಟ್ಟಿ ಕೊಳವಿಯೊಳಗ ಇಳಿಸಿ
ಹೊಸಾ ಎಣ್ಣಿ ಮಟ್ಟ ನೋಡತೇನಿ.
ಎಡಕ್ಕೊಂದು ಬಲಕ್ಕೊಂದು ಆಗಬಾರದು, ಕೂದಲಿನಷ್ಟೂ.
ನೋಡೂಮುಂದ ಉಸಿರು ಹಿಡದಿರತೇನಿ.
ಫಕೀರವ್ವನೂ ಹಿಡದಿದ್ಲು. ಯಾರೂ ಹೇಳಿರಲಿಲ್ಲ.

"ಒಂದು ಮಾತು, ಅಕ್ಕಾ. ಪುಕ್ಕಟ ಏನೂ ಬರೂದಿಲ್ಲ.
ನೆಲ ಹತ್ತರ ಬಂತಂದ್ರ ತಗ್ಗೂ ಹತ್ತರ ಬರತಾವ.
ಇಷ್ಟು ದಿನ ಫೋರ್ಕು ನುಂಗತಿದ್ದದ್ದು
ಇನ್ನಮ್ಯಾಲೆ ನಿನ್ನ ಮಣಿಕಟ್ಟಿಗೆ ಬರತೈತಿ."
ಆಕಿ ಅಂಗೈ ತಿರುವಿ ನೋಡಿಕೊಂಡ್ಲು,
ಹಗ್ಗ, ಪಕ್ಕಡ, ಬ್ಯಾಸಗಿ ಕಂಬ ತಿಂದ ಅಂಗೈ.
"ಕೈಗೆ ರೂಢಿ ಐತ್ರಿ."

ಹಿಂದಿನ ಶಾಕೂ ಇಳಿಸಿ, ಗಾಲಿ ಬಿಗದು,
ಬ್ರೇಕು ಹಿಡಿದು ಮೂರು ಸಲ ಅದುಮಿದೆ.
ಮೆತ್ತಗ ಬಾಗಿ, ಮೆತ್ತಗ ಎದ್ದು ಬಂತು.
ಸೈಡ್ ಸ್ಟ್ಯಾಂಡ್ ಹಾಕಿ ಚಾ ಹೇಳಾಕ ಹೊಳ್ಳಿದೆ.

ಧಡ್.

ಗಾಡಿ ಗಿಡ್ಡ ಆತು, ಸ್ಟ್ಯಾಂಡಿಗೆ ಯಾರು ಹೇಳಬೇಕು?
ಅದು ತನ್ನ ಹಳೇ ಎತ್ತರಕ್ಕ ನೆಟ್ಟಗ ನಿಂತು
ಗಾಡೀನ್ನ ಆ ಮಗ್ಗಲಿಗೆ ದಬ್ಬಿತ್ತು.
ಇಪ್ಪತ್ತೆರಡು ವರ್ಷದ ಮೇಸ್ತ್ರಿ ನಾನು.
ಆಕಿ ನಕ್ಕಳು ನೋಡ್ರಿ, ಕಟ್ಟಿ ಹಿಡಕೊಂಡು ನಕ್ಕಳು:
"ಈ ಸಲ ನಾ ಬಿದ್ದಿಲ್ರಿ. ಇದು ನಿಮ್ಮ ಲೆಕ್ಕ."

ಮಗ್ಗಲ ವೆಲ್ಡಿಂಗಿನ ದಾವಲಸಾಬ ಸ್ಟ್ಯಾಂಡ್ ಕೊಯ್ದ, ಬೆಸದ.
ಒಂದು ಕನ್ನಡಿ ಒಡದಿತ್ತು, ಅದರ ರೊಕ್ಕ ನಾನ ಹಿಡದೆ.

ಸಂಜಿಕ ಹತ್ತಿ ಕುಂತಳು.
ಎರಡೂ ಬೂಟು. ಹಿಮ್ಮಡ ಸೈತ.
ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೆಲ ಒತ್ತಿ ನೋಡಿದ್ಲು,
ಅಂಗಡ್ಯಾಗ ಹಾಸಗಿ ಒತ್ತಿ ನೋಡಿದಂಗ.
ಏನೋ ಅನ್ನಾಕಿದ್ಲು, ಅಷ್ಟರೊಳಗ ಫೋನು:
ಅಸುಂಡ್ಯಾಗ ಟೀಸಿ ಸುಟ್ಟಿತ್ತು. ಹೋದ್ಲು.

ಹಳೇ ಸ್ಪ್ರಿಂಗು ಇಲ್ಲೇ ಉಳದಾವ.
ಎಣ್ಣಿ ಸವರಿ, ಚೀಲದಾಗ ಸುತ್ತಿ,
ಆಕಿ ಹೆಸರು ಬರದು ಅಟ್ಟದ ಮ್ಯಾಲೆ ಇಟ್ಟೇನಿ.
ಯಾವಾಗರೆ ಗಾಡಿ ಮಾರಿದ್ಲಂದ್ರ
ಕೊಳ್ಳಾಂವ ಉದ್ದನಾಂವ ಇದ್ದಾನು,
ಮೊಳಕಾಲು ಹ್ಯಾಂಡಲಿಗೆ ಬಡಕೋತ ಬಂದಾನು.