ಬಾಗಿಲ ಹಾಳೆ

ಕೋಡಿಬಾಗದ ವಾಚನಾಲಯದ ಹಿಂದಿನ ಮೇಜಿನ ಮೇಲೆ
ಇವತ್ತು ಮೂರು ಕಾಗೆ, ಮೂರು ಗುಬ್ಬಿ.
ಕತೆ ಒಂದೇ. ಹರಿದದ್ದೂ ಒಂದೇ ಕಡೆ,
ಗುಬ್ಬಿ ಬಾಗಿಲು ತೆಗೆಯುವಲ್ಲಿ.
ಸಂಬಳ ಗೋಂದು ಹಚ್ಚುವುದಕ್ಕೆ.
ಓದುವುದು ನಾನಾಗಿ ಹಚ್ಚಿಕೊಂಡದ್ದು.

ಮೊದಲನೆಯದು ದೆಹಲಿಯ ಅಚ್ಚು, ದಪ್ಪ ರಟ್ಟು.
ಕಾಗೆ ನೇರಳೆ ಬಣ್ಣ, ಕಣ್ಣಿಗೆ ರೆಪ್ಪೆ.
ಮಳೆ ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ ಇಳಿಯುತ್ತದೆ.
ಬೈತಖೋಲದ ಕಡೆಯಿಂದ ಅಡ್ಡಡ್ಡ ನುಗ್ಗಿ
ಕೊಡೆಯ ಹೊಟ್ಟೆ ಮಗುಚುವ ಮಳೆಯನ್ನು
ಆ ಕುಂಚ ಕಂಡಿಲ್ಲ, ಇರಲಿ.
ಗುಬ್ಬಿಮನೆಯ ಮಾಡಿಗೆ ಹೊಗೆಯ ಚಿಮಣಿ ಬೇರೆ.
ಕೊಂಕಣಿ ಮಕ್ಕಳು ಬಿದ್ದು ಬಿದ್ದು ನಕ್ಕರು,
ಚಿಮಣಿಯ ಮನೆ ಮೇಲೊಂದು ಚಿಮಣಿ!
ಎಡಪುಟದಲ್ಲಿ ಕಾಗೆ ಬಾಗಿಲು ಬಡಿದರೆ
ಬಲಪುಟದಲ್ಲಾಗಲೇ ಇಬ್ಬರೂ ಚಹಾ ಕುಡಿಯುತ್ತಾರೆ.
ನಡುವೆ ಇರುವುದು ಬರೀ ಹೊಲಿಗೆಯ ದಾರ.

ಎರಡನೆಯದು ಹಳತು. ಕಪ್ಪು, ಅರಿಸಿನ, ಎರಡೇ ಬಣ್ಣ.
ಅಚ್ಚು ಜಾರಿ ಗುಬ್ಬಿಯ ಸೆರಗು
ಗುಬ್ಬಿಗಿಂತ ಅರ್ಧ ಇಂಚು ಈಚೆ ನಿಂತಿದೆ.
ಇದರಲ್ಲಿ ಗುಬ್ಬಿ ಒಳಗಿಂದಲೇ ಮಾತಾಡುತ್ತದೆ:
ತಾಳು, ಮಗುವಿಗೆ ಎಣ್ಣೆ ತಿಕ್ಕುತ್ತಿದ್ದೇನೆ.
ತಾಳು, ನೀರು ಹೊಯ್ಯುತ್ತಿದ್ದೇನೆ.
ತಾಳು, ಕಾಡಿಗೆ.
ತಾಳು, ತೊಟ್ಟಿಲು.
ಪುಟಕ್ಕೊಂದು ತಾಳು, ಬಾಗಿಲಿಗೆ ಹಾಕಿದ ತಾಳದ ಹಾಗೆ.
ತಿರುವಿದಷ್ಟೂ ಕಾಗೆ ಸಣ್ಣದಾಗಿ
ಕೊನೆಗೆ ಅಲ್ಪವಿರಾಮದಷ್ಟು.
ಮುಂದಿನ ಹಾಳೆ ಇಲ್ಲ.
ಚಳಿ ಕಾಯಿಸಿಕೋ ಎಂದು ಒಲೆ ತೋರಿಸಿದ್ದು,
ಕಾದ ಕಾವಲಿಯ ಮೇಲೆ ಕಾಗೆ ಕೂತದ್ದು ಅದರಲ್ಲಿತ್ತು.
ಯಾರು ಕಿತ್ತರೋ. ಹಿಂಬದಿಯ ಚೀಟಿಯಲ್ಲಿ
ಮನೆಗೊಯ್ದವರ ಸಾಲಿನಲ್ಲಿ ಏಳನೆಯ ಹೆಸರು ನನ್ನದು,
ಎರಡನೇ ಇಯತ್ತೆ, ವಕ್ರ ಅಕ್ಷರ.
ನನಗೆ ನೆನಪಿಲ್ಲ.

ಮೂರನೆಯದನ್ನು ಬರೆದದ್ದು ತೋಡೂರಿನ ಪ್ರಣಾಲಿ ತಾಂಡೇಲ,
ಬೇಸಿಗೆ ಶಿಬಿರದಲ್ಲಿ, ಎಂಟು ವರ್ಷ.
ಝೆರಾಕ್ಸ್ ಹಾಳೆ, ಎರಡು ಪಿನ್ನು, ಎರಡಕ್ಕೂ ತುಕ್ಕು.
ಅವಳ ಕಾಗೆಯ ಮನೆ ಸಗಣಿಯದಲ್ಲ, ಚೀರೆಕಲ್ಲಿನದು.
ಆದರೂ ಹೋಗುತ್ತದೆ.
ಮಳೆಯ ಗೆರೆ ಒಂದೂ ಇಲ್ಲ,
ಒಂದು ಬೇಲಿ, ಬೇಲಿಯಾಚೆ ಅಜ್ಜಿಯ ಬಾವಿ.
ಕಾಗೆ ಬಡಿಯುತ್ತದೆ.
ಆಮೇಲೆ ನಾಲ್ಕು ಹಾಳೆ ಖಾಲಿ.
ಆಮೇಲೆ ಬಾಗಿಲು.

ಅಚ್ಚಿನ ತಪ್ಪು, ಕತ್ತರಿಸಿ ಎಸೆ, ಅಂದರು ಮೇಲಿನವರು.
ಶನಿವಾರ ಬಂದವಳನ್ನು ಕೇಳಿದೆ.
ಮೇಜಿನ ಮೇಲಿನ ಎರಡನ್ನೂ ತಿರುವಿ ಹಾಕಿ
ಮೂಗು ಸೊಟ್ಟ ಮಾಡಿದಳು.
‘ಎಷ್ಟು ಹೊತ್ತು ನಿಂತಿತ್ತು ಅಂತ
ಇವರು ಯಾರೂ ಹೇಳಲೇ ಇಲ್ಲ.’
ಖಾಲಿ ಹಾಳೆಗಳ ಕೆಳಮೂಲೆ ನೋಡಿದೆ,
ಬೆವರಿನ, ಬಂಗಡೆ ಸಾರಿನ, ಪೇರಲೆಯ
ಸಣ್ಣ ಸಣ್ಣ ಹೆಬ್ಬೆರಳುಗಳು.
ಯಾವ ಮಗುವೂ ಒಂದನ್ನೂ ಹಾರಿಸಿರಲಿಲ್ಲ.

ನಾಲ್ಕನ್ನೂ ಸೇರಿಸಿಯೇ ಹೊಲಿದೆ.
ಹಳೆಯದರಲ್ಲೂ, ಹಾಳೆ ಹೋದಲ್ಲಿ,
ಅದೇ ಅಳತೆಯ ಒಂದು ಬಿಳಿ ಹಾಳೆ ಕೂರಿಸಿದೆ.
ಕಾವಲಿಯ ಚಿತ್ರ ಬರೆಯಲು ನನಗೆ ಬರುವುದಿಲ್ಲ,
ಬಂದರೂ.

ಈಗ ಕಿಟಕಿಯ ಕಂಬಿಗೆ ನಿಜವಾದದ್ದೊಂದು ಬಂದು ಕೂತಿದೆ,
ಕಪ್ಪು, ಒದ್ದೆ, ರೆಪ್ಪೆಯಿಲ್ಲದ್ದು.
ತಲೆ ಓರೆ ಮಾಡಿ ಬಟ್ಟಲು ನೋಡುತ್ತದೆ.
ಮೈದಾ ಅಂಟು, ಹುಳ ಹಿಡಿಯದಿರಲಿ ಎಂದು
ಅದರಲ್ಲಿ ಮೈಲುತುತ್ತ ಕಲಸಿದ್ದೇನೆ.
ಗಾಜಿಗೆ ಕೊಕ್ಕು ತಾಗಿಸುತ್ತದೆ, ಟಕ್, ಟಕ್.
ತಾಳು ಮಾರಾಯ್ತಿ, ಅನ್ನುತ್ತೇನೆ,
ತಾಳು, ಕೈ ತೊಳೆದು ಬರುತ್ತೇನೆ,
ತಾಳು, ಡಬ್ಬಿಯಲ್ಲಿ ಅರ್ಧ ಪೋಳಿ ಇದೆ,
ಅನ್ನುತ್ತಲೇ ಕಿಟಕಿಯ ಚಿಲಕ
ಗಟ್ಟಿಯಾಗಿ ಹಾಕುತ್ತೇನೆ.