ಸಿಕ್ಕು

ಹಗರೆ ಕಡೆಯಿಂದ ಬಂದ ಕೊನೇ ಟ್ರಿಪ್ಪಿನಲ್ಲಿ
ಹಿಂದಿನ ಸೀಟಿನಡಿ ಯಾರೋ ಬಿಟ್ಟ ಬುಟ್ಟಿ.
ಡಿಪೋ ರಿಜಿಸ್ಟರಿನಲ್ಲಿ ನಾನೇ ಬರೆದೆ:
ಛತ್ರಿ ಎರಡು, ಟಿಫಿನ್ ಡಬ್ಬಿ ಒಂದು,
ಮೊಲ ಒಂದು. ಬಣ್ಣ ಬಿಳಿ. ಕೂದಲು ವಿಪರೀತ.

ಛತ್ರಿಗೆ ಜನ ಬಂದರು.
ಡಬ್ಬಿಗೂ ಬಂದರು, ಮುಚ್ಚಳ ಬೇರೆಯದೆಂದು ಜಗಳವಾಡಿದರು.
ನಿನಗೆ ಬರಲಿಲ್ಲ.
ಹದಿನೈದು ದಿನ ಕಳೆದ ಮೇಲೆ ಕಂಟ್ರೋಲರ್ ಜವರಪ್ಪ ಅಂದರು:
'ರೂಲ್ಸ್ ಪ್ರಕಾರ ಇನ್ನಿದು ಸಂಸ್ಥೆಯ ಸ್ವತ್ತು,
ಸಂಸ್ಥೆಗೆ ಹುಲ್ಲಿನ ಬಜೆಟ್ಟಿಲ್ಲ. ನೀನೇ ಒಯ್ಯಿ ತಾಯಿ.'

ನನ್ನ ಕೋಣೆ ಹಾಸನದ ತಣ್ಣೀರುಹಳ್ಳದಲ್ಲಿ.
ಹೆಸರಲ್ಲೇ ಹಳ್ಳ ಇದ್ದರೂ ನಿನಗೆ ಸ್ನಾನವಿಲ್ಲ.
ಪಶುವೈದ್ಯ ಕಾಲೇಜಿನ ಹುಡುಗ ಬೆರಳು ಮಡಿಸಿ ಹೇಳಿದ:
ನೀರು ಬೇಡ, ಒದ್ದೆಯಾದರೆ ಜಮಖಾನೆಯಾಗುತ್ತೆ,
ಹೆದರಿ ಎದೆ ನಿಂತರೂ ನಿಂತೀತು.
ಕತ್ತರಿ ಬೇಡ, ಚರ್ಮ ಈರುಳ್ಳಿ ಸಿಪ್ಪೆ.
ಹುಲ್ಲು ಹಾಕಿ, ಇನ್ನೂ ಹಾಕಿ.
ನೆಕ್ಕಿ ನೆಕ್ಕಿ ತನ್ನ ಉಣ್ಣೆ ತಾನೇ ನುಂಗುತ್ತೆ,
ಬೆಕ್ಕಿನ ಹಾಗೆ ಕಕ್ಕಲು ಬರೋದಿಲ್ಲ ಇದಕ್ಕೆ.

ನಂಗೂ ಬರಲ್ಲ, ಅಂದುಕೊಂಡೆ,
ಅವತ್ತಿನ ಚಿಲ್ಲರೆ ಎಣಿಸುತ್ತಾ.

ನಿನಗೆ ಅರಳೆ ಎಂದು ಹೆಸರಿಟ್ಟೆ. ಹಿಂಜದ ಅರಳೆ.
ಡ್ಯೂಟಿ ಮುಗಿಸಿ ಖಾಕಿ ಬಿಚ್ಚದೆ
ಮಡಿಲಲ್ಲಿ ಟವೆಲು ಹಾಸಿ ಕೂರುತ್ತಿದ್ದೆ.
ಕಿವಿಯ ಹಿಂದೆ ಗಂಟು, ಗದ್ದದಡಿ ಗಂಟು,
ಮುಂಗಾಲಿನ ಸಂದಿಯಲ್ಲಿ ಗೋಲಿಯಷ್ಟು ಗಟ್ಟಿ.
ಬಾಚಣಿಗೆ ಎಳೆದರೆ ನೀನು ಒದೆಯುತ್ತೀ.
ನನ್ನ ಮುಂಗೈ ಮೇಲೆ ಮೂರು ಗೀರು,
ಪ್ಯಾಸೆಂಜರು ಕೇಳಿದರೆ ಮುಳ್ಳು ತರಚಿತು ಎಂದೆ.

ರಜೆಯ ದಿನ ಬೆಳಗ್ಗೆ ಓಣಿಯಲ್ಲಿ ಕೂಗು:
'ಕೂದ್ಲಾ... ತಲಿ ಕೂದ್ಲಾ... ಕೂದ್ಲಕ್ಕ ಪಿನ್ನಾ, ಬಲೂನಾ...'
ಕೊಪ್ಪಳದ ಕಡೆಯ ಹುಲಿಗೆಮ್ಮ,
ಹೆಗಲಲ್ಲಿ ಆಲೂಗಡ್ಡೆ ಚೀಲ, ಚೀಲದ ತುಂಬ ಜಡೆ.
ನಿನ್ನ ಉದುರಿನ ಕವರು ಚಾಚಿದೆ.
ಹಿಸುಕಿ ನೋಡಿ ನಕ್ಕಳು:
'ಇದು ನಮ್ಮ ಮಾಲಲ್ಲ ಯಕ್ಕಾ.
ಉದ್ದ ಇಲ್ಲ, ತೂಕ ಇಲ್ಲ, ಉಸಿರು ಬಿಟ್ರ ಹಾರತೈತಿ.'
ಆಮೇಲೆ ನಿನ್ನ ಕಂಡಳು. ಚೀಲ ಇಳಿಸಿದಳು.
'ಯಾರದಾದ್ರೂ ಸಿಕ್ಕು ಸಿಕ್ಕ. ತಾ ಇಲ್ಲಿ ಹಣಿಗಿ.'

'ಬುಡ ಹಿಡಕೋ, ಎರಡು ಬೆರಳಾಗ, ಗಟ್ಟಿ.
ಜಗ್ಗಿದ್ದು ನಿನ್ನ ಬೆರಳಿಗೇ ನಿಲ್ಲಬೇಕು,
ಅದರ ಮೈತನಕ ಹೋಗಬಾರದು.
ತುದೀಲಿಂದ ಬಿಡಸ್ಕೋತ ಬಾ. ಅವಸರ ಮಾಡಬ್ಯಾಡ,
ನಿನ್ನ ಬಸ್ಸಲ್ಲ ಇದು.'

ನೀನು ಒದೆಯಲಿಲ್ಲ, ಅರಳೆ.
ಮೂಗು ಮಾತ್ರ ಅಲ್ಲಾಡಿತು.
ಗಂಟು ಹಂಜಿಯಾಯಿತು, ಹಂಜಿ ಎಳೆಯಾಯಿತು,
ಅವಳ ಸೀರೆಯ ಮೇಲೆಲ್ಲ ಬಿಳಿ.

ಎಷ್ಟು ವರ್ಷದಿಂದ ಈ ಕೆಲಸ, ಅಂದೆ.
'ಲೆಕ್ಕ ಯಾರು ಇಟ್ಟಾರ.
ಮಾರಿ ನೋಡದ ಹೆಣ್ಣಮಕ್ಕಳ ಸಿಕ್ಕು ಬಿಡಿಸಿ ಬಿಡಿಸಿ
ಕಣ್ಣು ಮಂಜಾದ್ವು.
ಕೈಯಾಗ ಹಿಡದ್ರ ಗೊತ್ತಾಕ್ಕೈತಿ:
ಇದು ಬಾಣಂತಿದು, ಇದು ಜ್ವರ ಬಂದು ಉದುರಿದ್ದು,
ಇದು ಸಿಟ್ಟಿಲೆ ಬಾಚಿದ್ದು.'

'ಇದರದು?'

ಬಾಚಣಿಗೆ ಕೊಡವಿದಳು.
'ಕುಂತಲ್ಲೇ ಕುಂತು ಆಗಿದ್ದು.'

ಚಹಾ ಕುಡಿದಳು. ನನ್ನ ತಲೆಯನ್ನೂ ಒಮ್ಮೆ ನೋಡಿದಳು,
ಏನೂ ಅನ್ನಲಿಲ್ಲ. ಹೊರಡುವಾಗ
ಎರಡು ಪಿನ್ನು ಕಟ್ಟೆಯ ಮೇಲಿಟ್ಟಳು.
ನಾನೇನೂ ಕೊಟ್ಟಿಲ್ಲವಲ್ಲ, ಅಂದೆ.
'ಬೋಣಿಗಿ ಇರಲಿ' ಎನ್ನುತ್ತ ಓಣಿ ದಾಟಿದಳು.

ಮಾರನೆ ದಿನ ಏಳು ಗಂಟೆಯ ಬೇಲೂರು ಬಸ್ಸು.
ಕಾಲಿಡಲು ಜಾಗವಿಲ್ಲ. ಮೆಷಿನ್ನು ಕರಕರ ಅಂದು
ನಿಂತು, ಮತ್ತೆ ಅಂದು,
ಟಿಕೆಟಿನ ಜೊತೆ ಒಂದು ಬಿಳಿ ಎಳೆ ಎಳೆದು ತಂದಿತು.
ಕಿಟಕಿ ಪಕ್ಕದ ಅಜ್ಜ ಅದನ್ನು ಬೆಳಕಿಗೆ ಹಿಡಿದು
ನನ್ನ ಜಡೆ ನೋಡಿದ. ಕಪ್ಪಿದೆ.
ಟಿಕೆಟಿನೊಳಗೇ ಮಡಿಸಿ
ಜೇಬಿಗೆ ಹಾಕಿಕೊಂಡ.
ಚಿಲ್ಲರೆ ಎರಡು ರೂಪಾಯಿ ಕೇಳಲು ಮರೆತ.